ಹೊಸ ಪೇಷಂಟ್ ವಾರ್ಡಿಗೆ ಬಂದಾಗ: ಮೊದಲ ಗಂಟೆಯಲ್ಲಿ ನರ್ಸ್ ಮಾಡಬೇಕಾದದ್ದು

ಮಧ್ಯಾಹ್ನ ಒಂದೂವರೆ. ಎರಡಕ್ಕೆ ಶಿಫ್ಟ್ ಬದಲಾಗಬೇಕು. ಅಷ್ಟರಲ್ಲಿ ಒಂದು ಸ್ಟ್ರೆಚರ್ ಬರುತ್ತದೆ, ಅದರ ಹಿಂದೆ ಒಂದು ವೀಲ್‌ಚೇರ್, ಅದರ ಹಿಂದೆ ಮಗಳ ಹೆಗಲು ಹಿಡಿದು ನಡೆಯುವ ಒಬ್ಬ ಅಜ್ಜಿ. ಮೂರೂ ಹೊಸ ಅಡ್ಮಿಷನ್. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಹೊತ್ತು ಗೊತ್ತು. ಗದಗ, ಹಾವೇರಿ, ಕೊಪ್ಪಳ, ಶಿರಸಿ ಕಡೆಯಿಂದ ನಸುಕಿನಲ್ಲೇ ಬಸ್ ಹತ್ತಿದವರು ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ರಕ್ತ ಕೊಟ್ಟು, ಎಕ್ಸ್‌ರೇ ತೆಗೆಸಿ ವಾರ್ಡ್ ಮುಟ್ಟುವಾಗ ಇದೇ ಹೊತ್ತಾಗಿರುತ್ತದೆ.

ಆಗ ಹೊಸ ನರ್ಸುಗಳು ಏನು ಮಾಡುತ್ತಾರೆ ಅಂದರೆ, ಫೈಲ್ ಹಿಡಿದು ಕೂರುತ್ತಾರೆ. ಹೆಸರು, ವಯಸ್ಸು, ಬಿ.ಪಿ., ಅಲರ್ಜಿ ಇಲ್ಲ, ಸಹಿ. ಹತ್ತು ನಿಮಿಷಕ್ಕೆ ಮುಗೀತು. ನಾನೂ ಹಾಗೇ ಮಾಡುತ್ತಿದ್ದೆ. ಅದಕ್ಕೆ ತಕ್ಕ ಪಾಠವನ್ನೂ ಕಲಿತೆ, ಆ ಕಥೆ ಮುಂದೆ ಬರುತ್ತದೆ. ಪೇಷಂಟ್ ಮೊದಲ ಸಲ ಕೊಡುವ ಉತ್ತರ ಅರ್ಧ ಮಾತ್ರ. ಉಳಿದ ಅರ್ಧ ಎರಡನೇ ಸಲ ಕೇಳಿದಾಗ ಬರುತ್ತದೆ, ಅದೂ ಸುತ್ತ ಮನೆಯವರು ಇಲ್ಲದಾಗ. ಈ ಲೇಖನದಲ್ಲಿ ಹಂತ ಹಂತವಾಗಿ ಎಲ್ಲ ಹೇಳುತ್ತೇನೆ. ಆದರೆ ಈ ಒಂದು ಮಾತು ತಲೆಯಲ್ಲಿರಲಿ.

ಹಾಸಿಗೆ ಸಿದ್ಧ ಮಾಡುವುದು

ಓಪಿಡಿಯಿಂದಲೋ ಕ್ಯಾಶುವಾಲ್ಟಿಯಿಂದಲೋ ಫೋನ್ ಬಂದಾಗ "ಆಯ್ತು ಕಳಿಸಿ" ಅಂತ ಇಟ್ಟುಬಿಡಬೇಡಿ. ತೊಂದರೆ ಏನು, ನಡೆದು ಬರುತ್ತಾರೋ ಸ್ಟ್ರೆಚರ್‌ನಲ್ಲೋ, ಆಕ್ಸಿಜನ್ ಬೇಕೋ, ಇಷ್ಟು ಕೇಳಿ. ಯಾವ ಹಾಸಿಗೆ ಕೊಡಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಗಂಭೀರ ಇದ್ದರೆ ನರ್ಸಿಂಗ್ ಸ್ಟೇಷನ್ನಿನ ಎದುರು. ಪದೇ ಪದೇ ಮೂತ್ರಕ್ಕೆ ಹೋಗುವ ವಯಸ್ಸಾದವರಿಗೆ ಬಾತ್‌ರೂಮ್ ಹತ್ತಿರ. ರಾತ್ರಿ ಕತ್ತಲಲ್ಲಿ ಉದ್ದ ವರಾಂಡ ದಾಟುವಾಗಲೇ ಅವರು ಬೀಳುವುದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ತೂಕ ಇಳಿದಿದೆ ಅಂದರೆ ಕ್ಷಯದ ಸಂಶಯ ಇಟ್ಟುಕೊಂಡು ಬೇರೆ ಕಡೆ ಜಾಗ ನೋಡಿ, ಬಾಯಿಗೆ ಮಾಸ್ಕ್ ಕೊಡಿ.

ಆಕ್ಸಿಜನ್ ಮತ್ತು ಸಕ್ಷನ್ (ಗಂಟಲಿನ ಕಫ ಎಳೆಯುವ ಯಂತ್ರ) ಇವೆ ಅಂತ ನೋಡಿದರೆ ಸಾಲದು, ತಿರುಗಿಸಿ ನೋಡಿ. ಕಾಟಿನ ಬ್ರೇಕ್ ಹಾಕಿ. ಮೇಲಿನ ಚಾದರ ಮಡಚಿ ಒಂದು ಬದಿಗೆ ಸರಿಸಿಡಿ, ಸ್ಟ್ರೆಚರ್‌ನಿಂದ ಎತ್ತಿ ಹಾಕುವಾಗ ಕಾಲಿಗೆ ಸಿಕ್ಕಬಾರದು. ಅಷ್ಟೇ, ಇದಕ್ಕೆ ಐದು ನಿಮಿಷ ಸಾಕು.

ಕಣ್ಣು ಮೊದಲು, ಪೆನ್ನು ಆಮೇಲೆ

ಪೇಷಂಟ್ ವಾರ್ಡಿನ ಬಾಗಿಲು ದಾಟುವಾಗಲೇ ನಿಮ್ಮ ಕೆಲಸ ಶುರು. ಉಸಿರು ಹೇಗಿದೆ? ಒಂದು ಪೂರ್ತಿ ಮಾತು ಒಂದೇ ಉಸಿರಿನಲ್ಲಿ ಆಡುತ್ತಾರಾ, ಅಥವಾ ಎರಡೆರಡು ಶಬ್ದಕ್ಕೆ ನಿಲ್ಲುತ್ತಾರಾ? ಮುಖ ಬಿಳಚಿದೆಯಾ? ತಣ್ಣನೆ ಬೆವರು ಇದೆಯಾ? ಕರೆದರೆ ಕಣ್ಣು ತೆರೆಯುತ್ತಾರಾ? ಇವುಗಳಲ್ಲಿ ಒಂದು ಕೆಟ್ಟಿದ್ದರೂ ಫೈಲ್ ಪಕ್ಕಕ್ಕಿಡಿ, ಡ್ಯೂಟಿ ಡಾಕ್ಟರನ್ನು ಕರೆಯಿರಿ. ಹೆಸರು ಬರೆಯುವುದಕ್ಕೆ ಆಮೇಲೂ ಸಮಯ ಸಿಗುತ್ತದೆ.

ಎದೆನೋವು ಅಂದರೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ಬಾಯಿ ಸೊಟ್ಟ, ಒಂದು ಕೈ ಬಿದ್ದಿದೆ, ಮಾತು ತೊದಲುತ್ತಿದೆ ಅಂದರೆ ಮೊದಲು ಕೇಳಬೇಕಾದದ್ದು "ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾರು ನೋಡಿದರು, ಎಷ್ಟು ಗಂಟೆಗೆ?" ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ ಇದೆ. ಬೆಳಿಗ್ಗೆ ಏಳುವಾಗಲೇ ಹೀಗಿತ್ತು ಅಂದರೆ ಲೆಕ್ಕ ರಾತ್ರಿ ಮಲಗಿದ ಹೊತ್ತಿನಿಂದ ಶುರು. ನುಂಗುವ ಶಕ್ತಿ ಪರೀಕ್ಷೆ ಆಗುವವರೆಗೆ ಒಂದು ಹನಿ ನೀರೂ ಬೇಡ. ಮನೆಯವರು ಪ್ರೀತಿಯಿಂದ ಎಳನೀರು ಹಿಡಿದು ನಿಂತಿರುತ್ತಾರೆ, ಕಣ್ಣಿಡಿ.

ನಮ್ಮ ಕಡೆ ಇನ್ನೆರಡು ಜಾಸ್ತಿ. ಒಂದು, ಎಣ್ಣೆ ಕುಡಿದದ್ದು. ಎಣ್ಣೆ ಅಂದರೆ ಹೊಲಕ್ಕೆ ಹೊಡೆಯುವ ಔಷಧ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಿಂದ ಬರುತ್ತಾರೆ. ಎಲ್ಲರೂ ಕುಡಿದವರೇ ಅಲ್ಲ, ಬರಿಮೈಯಲ್ಲಿ ಔಷಧ ಹೊಡೆದು ಬಿದ್ದವರೂ ಇರುತ್ತಾರೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣದಾಗಿ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ ಇದ್ದರೆ ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕ ಅಂತ ಸಂಶಯಪಡಿ. ಗ್ಲೌಸ್, ಏಪ್ರನ್ ಹಾಕಿಕೊಂಡೇ ಮುಟ್ಟಿ, ಆ ವಿಷ ಚರ್ಮದ ಮೂಲಕವೂ ಹೋಗುತ್ತದೆ. ಡಾಕ್ಟರ್ ಉಸಿರು ನೋಡಿ ಈ ವಿಷಕ್ಕೆ ಕೊಡುವ ಅಟ್ರೋಪಿನ್ ಸೂಜಿ ಶುರು ಮಾಡುವಾಗಲೇ ಇನ್ನೊಬ್ಬರು ಬಟ್ಟೆ ಬಿಚ್ಚಿ, ಮೈ, ಕೂದಲು, ಉಗುರಿನ ಸಂದಿ ಎಲ್ಲ ಸೋಪು ನೀರಿನಿಂದ ತೊಳೆಯಬೇಕು. ಬಟ್ಟೆ ಬಿಸಾಕಬೇಡಿ. ಎಮ್.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸಿನಲ್ಲಿ ಅದು ಸಾಕ್ಷಿ, ಚೀಲಕ್ಕೆ ಹಾಕಿ ಹೆಸರು ಬರೆದಿಡಿ. ಡಬ್ಬಿ ತಂದಿದ್ದಾರಾ ಕೇಳಿ. ತಂದಿಲ್ಲ ಅಂದರೆ ಊರಿಗೆ ಫೋನ್ ಮಾಡಿಸಿ, ಡಬ್ಬಿಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿ. ಈ ಒಂದು ಉಪಾಯ ನನಗೆ ಎಷ್ಟೋ ಸಲ ಕೈ ಹಿಡಿದಿದೆ.

ತಾನಾಗಿ ಕುಡಿದವರ ಎದುರು "ಯಾಕ್ ಹಿಂಗ್ ಮಾಡ್ಕೊಂಡ್ರಿ?" ಅಂತ ಬೈಯುವ ಹಕ್ಕು ನಮಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸುತ್ತದೆ. ಕಿಟಕಿ, ಬಾಲ್ಕನಿಯಿಂದ ದೂರದ ಹಾಸಿಗೆ ಕೊಡಿ. ಒಬ್ಬರು ಸದಾ ಜೊತೆಗಿರಲಿ. ದೇಹ ಚೇತರಿಸಿಕೊಂಡ ಮೇಲೆ ಮನಸ್ಸಿನ ಡಾಕ್ಟರ್ ನೋಡದೆ ಮನೆಗೆ ಕಳಿಸಬಾರದು. ಊರಿಗೆ ಹೋದ ಮೇಲೂ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ ಅಂತ ಮನೆಯವರಿಗೆ ಹೇಳಿ.

ಎರಡನೆಯದು ಹಾವು. ಬಳೆ, ಉಂಗುರ, ಕಾಲುಂಗುರ ಮೊದಲು ತೆಗೆಯಿರಿ, ಬಾವು ಏರಿದ ಮೇಲೆ ಬರುವುದಿಲ್ಲ. ಕಾಲಿಗೆ ಹಗ್ಗ ಬಿಗಿದು ತಂದಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಿ ಥಟ್ಟನೆ ಬಿಚ್ಚಬೇಡಿ. ಐ.ವಿ. ಲೈನ್ ಹಾಕಿ, ಹಾವಿನ ವಿಷದ ಪ್ರತಿವಿಷ ಕೈಯಲ್ಲಿ ಸಿದ್ಧ ಇಟ್ಟುಕೊಂಡು, ಡಾಕ್ಟರ್ ಪಕ್ಕದಲ್ಲಿದ್ದಾಗ ಬಿಚ್ಚಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಮಿ.ಲೀ. ರಕ್ತ ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ಇನ್ನೊಂದು ವಿಷಯ: ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬಂದು, ರೆಪ್ಪೆ ಜೋತುಬಿದ್ದಂತೆ ಕಂಡರೆ ಕಟ್ಟುಹಾವನ್ನು ನೆನೆಸಿಕೊಳ್ಳಿ. ಅದರ ಹಲ್ಲಿನ ಗುರುತು ಕಾಣದೆಯೂ ಇರಬಹುದು. ಉಸಿರಾಟ ನಿಲ್ಲುವ ಮುಂಚೆ ಕಾಣುವ ಸೂಚನೆಗಳಲ್ಲಿ ಆ ರೆಪ್ಪೆಯೂ ಒಂದು.

ಹೆಸರು ಕೇಳುವುದರಲ್ಲೂ ಒಂದು ರೀತಿ ಇದೆ

ಈಗ ಸ್ಥಿರವಾಗಿರುವ ಪೇಷಂಟ್ ಬಗ್ಗೆ ಮಾತಾಡೋಣ. ಕೈ ತೊಳೆಯಿರಿ. ನೀವ್ಯಾರು ಅಂತ ಹೇಳಿ. "ಅಜ್ಜಾರ", "ಅಮ್ಮಾರ", "ಯಕ್ಕಾರ" ಅನ್ನಿ. "ಏ ಹನ್ನೆರಡನೇ ಬೆಡ್" ಅನ್ನಬೇಡಿ.

"ನೀವು ಬಸವ್ವ ಅಲ್ರಿ?" ಅಂತ ಕೇಳಬೇಡಿ. ದಣಿದವರು, ಕಿವಿ ಮಂದ ಇರುವವರು, ಸಿಸ್ಟರಿಗೆ ಇಲ್ಲ ಅನ್ನಲು ಸಂಕೋಚಪಡುವವರು ಏನು ಕೇಳಿದರೂ "ಹೂನ್ರಿ" ಅಂತಾರೆ. "ನಿಮ್ಮ ಹೆಸರು ಹೇಳ್ರಿ, ಯಾವ ಊರ್ರಿ" ಅಂತ ಕೇಳಿ, ಅವರ ಬಾಯಿಂದಲೇ ಬರಲಿ. ನಮ್ಮ ವಾರ್ಡುಗಳಲ್ಲಿ ಒಂದೇ ದಿನ ಮೂರು ಬಸವ್ವ, ನಾಲ್ಕು ಮಲ್ಲಪ್ಪ ಇರುವುದು ಸಾಮಾನ್ಯ. ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ ಫೈಲಿನ ಜೊತೆ ತಾಳೆ ಹಾಕಿ. ಆಮೇಲೆ ಕೈಗೆ ಪಟ್ಟಿ ಕಟ್ಟಿ. ಹಾಸಿಗೆ ನಂಬರ್ ಗುರುತು ಅಲ್ಲ, ಅದು ಸಂಜೆಯೊಳಗೆ ಬದಲಾಗಬಹುದು.

ಇನ್ನೊಂದು ಸಣ್ಣ ವಿಷಯ. ಹಿಂದೆ ಎಲ್ಲಿ ಅಡ್ಮಿಟ್ ಆಗಿದ್ದಿರಿ ಅಂದರೆ ಹಿರಿಯರು "ಕೆ.ಎಂ.ಸಿ.ಯಾಗ್ರಿ" ಅಂತಾರೆ. ಮಂಗಳೂರು, ಉಡುಪಿ ಕಡೆ ಓದಿ ಬಂದ ಹುಡುಗಿಯರು ಅದನ್ನು ಮಣಿಪಾಲ ಅಂತ ಬರೆದುಬಿಡುತ್ತಾರೆ. ಇಲ್ಲಿ ಕೆ.ಎಂ.ಸಿ. ಅಂದರೆ ವಿದ್ಯಾನಗರದ ಕಿಮ್ಸ್, ಈಗಿನ ಕೆ.ಎಂ.ಸಿ.ಆರ್.ಐ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಅಂತ ಶುರುವಾದದ್ದು, ಜನರ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಹಳೆಯ ಫೈಲ್ ಹುಡುಕುವುದಾದರೆ ಇದು ಗೊತ್ತಿರಲಿ.

ನಾಡಿ, ಉಸಿರು, ಬಿ.ಪಿ.

ಇವು ಎಲ್ಲರಿಗೂ ಗೊತ್ತು. ತಪ್ಪಾಗುವ ಕಡೆ ಮಾತ್ರ ಹೇಳುತ್ತೇನೆ.

ಉಸಿರು ಎಣಿಸದೆ 20 ಅಂತ ಬರೆಯುವ ಕೆಟ್ಟ ಅಭ್ಯಾಸ ಎಲ್ಲ ಕಡೆ ಇದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸರಿಯಾದದ್ದು. ಅದು 26, 28 ಆಗುವುದು ಪರಿಸ್ಥಿತಿ ಕೆಡುತ್ತಿರುವುದರ ಮೊದಲ ಸೂಚನೆ, ಎಷ್ಟೋ ಸಲ ಬಿ.ಪಿ. ಬೀಳುವುದಕ್ಕಿಂತ ಮುಂಚೆ ಕಾಣುತ್ತದೆ. "ಉಸಿರು ಎಣಿಸ್ತೀನಿ" ಅಂತ ಹೇಳಬೇಡಿ, ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಹಿಡಿದಂತೆ ಕೈ ಹಿಡಿದುಕೊಂಡೇ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ.

ಮೆಟ್ಟಿಲು ಹತ್ತಿ ಬಂದವರಿಗೆ ಐದು ನಿಮಿಷ ಕೂರಲು ಬಿಟ್ಟು ಬಿ.ಪಿ. ನೋಡಿ. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಸುಳ್ಳು ಹೈ ಬಿ.ಪಿ. ಬರುತ್ತದೆ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳನ್ನು ಜೋಡಿಸುವ ಆಪರೇಷನ್) ಮಾಡಿದ ಕೈಗೆ ಕಟ್ಟಲೇಬಾರದು, ಸೂಜಿಯನ್ನೂ ಚುಚ್ಚಬಾರದು. ಬೆರಳಿಗೆ ಆಕ್ಸಿಮೀಟರ್ ಹಾಕುವ ಮುಂಚೆ ಉಗುರಿನ ಬಣ್ಣ ಒರೆಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಸಾಮಾನ್ಯವಾಗಿ 95ರ ಮೇಲೆ ಇರಬೇಕು. ಬೀಡಿ ಸೇದಿ ಸೇದಿ ವರ್ಷಗಟ್ಟಲೆ ದಮ್ಮು ಇರುವವರಿಗೆ ಡಾಕ್ಟರ್ 88ರಿಂದ 92 ಸಾಕು ಅಂತ ಬರೆದಿರಬಹುದು. ಅವರಿಗೆ ಸುಮ್ನೆ ಆಕ್ಸಿಜನ್ ಜಾಸ್ತಿ ಬಿಡಬೇಡಿ.

ತೂಕ ಮರೆಯಬೇಡಿ, ಅದರಲ್ಲೂ ಮಕ್ಕಳದ್ದು. ಅವರ ಪ್ರತಿ ಔಷಧವೂ ಕಿಲೋ ಲೆಕ್ಕ. "ಹದಿನೈದು ಇರಬಹುದ್ರಿ" ಅನ್ನುವ ಅಂದಾಜು ನಡೆಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ, ಮಂಪರಿನಲ್ಲಿ ಬಂದವರಿಗೂ ಬಂದ ಕೂಡಲೆ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ.

ಬೇರೆ ಆಸ್ಪತ್ರೆಯಿಂದ ಐ.ವಿ. ಹಾಕಿಸಿಕೊಂಡು ಬಂದಿದ್ದರೆ ಆ ಜಾಗ ನೋಡಿ. ಕೆಂಪಗಿದೆಯಾ, ಬಾತಿದೆಯಾ? ಆಂಬುಲೆನ್ಸ್‌ನ ಗಡಿಬಿಡಿಯಲ್ಲಿ ಹಾಕಿದ್ದಾದರೆ ಆದಷ್ಟು ಬೇಗ, ಹೆಚ್ಚೆಂದರೆ 48 ಗಂಟೆಯೊಳಗೆ ಬದಲಿಸಿ. ರೆಫರಲ್ ಚೀಟಿಯಲ್ಲಿ ಔಷಧದ ಹೆಸರಿನ ಜೊತೆ ಕೊಟ್ಟ ಸಮಯ ಇದೆಯಾ ನೋಡಿ. ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಬಸುರಿಯನ್ನು ಫಿಟ್ಸ್ ಅಂತ ಕಳಿಸಿದ್ದರೆ ಮ್ಯಾಗ್ನೀಷಿಯಂ ಸಲ್ಫೇಟ್ ಎಷ್ಟು, ಯಾವಾಗ ಕೊಟ್ಟರು ಅನ್ನುವುದು ತಿಳಿಯದೆ ಮುಂದಿನ ಡೋಸ್ ಕೊಡಲಾಗುವುದಿಲ್ಲ. ಬರೆದಿಲ್ಲದಿದ್ದರೆ ಅಲ್ಲಿನ ಸಿಸ್ಟರಿಗೆ ಫೋನ್ ಮಾಡಿ. ಬಸುರಿಯ ತಪಾಸಣೆ ಬರೆದಿರುವ ತಾಯಿ ಕಾರ್ಡ್ ಕೇಳಿ ಇಸಿದುಕೊಳ್ಳಿ.

ಕೇಳುವುದು, ಮತ್ತೆ ಕೇಳುವುದು

ಇಲ್ಲಿ ನಮ್ಮ ಭಾಷೆಯೇ ಒಂದು ಉಪಕರಣ. ಬೇರೆ ಕಡೆಯಿಂದ ಬಂದ ನರ್ಸ್ ಆಗಿದ್ದರೆ ಈ ಮಾತುಗಳನ್ನು ಮೊದಲ ವಾರವೇ ಕಲಿಯಿರಿ. ಬ್ಯಾನಿ, ಜಡ್ಡು ಅಂದರೆ ಕಾಯಿಲೆ. ಸಕ್ರಿ ಬ್ಯಾನಿ ಗೊತ್ತಾಯಿತಲ್ಲ. ಲಕ್ವಾ ಅಂದರೆ ಪಾರ್ಶ್ವವಾಯು. ಕಾಮಣಿ ಅಂದರೆ ಕಾಮಾಲೆ. "ಹೊಟ್ಟಿ ಕಡಿಯಾಕತ್ತೈತಿ" ಅಂದರೆ ಹೊಟ್ಟೆಯಲ್ಲಿ ತುರಿಕೆ ಅಲ್ಲ, ನೋವು. "ಉಚ್ಚಿ ಕಟ್ಟೈತಿ" ಅಂದರೆ ಮೂತ್ರ ನಿಂತಿದೆ. "ಹೊರಕಡಿ ಆಗಿಲ್ರಿ" ಅಂದರೆ ಮಲ ಹೋಗಿಲ್ಲ. ತುಸು ಎಚ್ಚರದಿಂದ ಕೇಳಬೇಕಾದ ಶಬ್ದ "ಸಂಕಟ". "ಜೀವಕ್ಕ ಸಂಕಟ ಆಗಾಕತ್ತೈತ್ರಿ" ಅಂದರೆ ಅದು ವಾಕರಿಕೆ ಇರಬಹುದು, ಮನಸ್ಸಿನ ಕಳವಳ ಇರಬಹುದು, ಹಾರ್ಟ್ ಅಟ್ಯಾಕೂ ಇರಬಹುದು. ಸಕ್ಕರೆ ಕಾಯಿಲೆಯ ವಯಸ್ಸಾದ ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸಂಕಟ, ಬೆವರು, ಸುಸ್ತು ಆಗಬಹುದು. ಕೈ ಎಲ್ಲಿ ಇಟ್ಟುಕೊಂಡು ಹೇಳುತ್ತಾರೆ ನೋಡಿ, ಇ.ಸಿ.ಜಿ.ಗೆ ಡಾಕ್ಟರನ್ನು ಕೇಳಿ.

ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ಕೇಳಬೇಕು ಅಂತ ಪುಸ್ತಕದಲ್ಲಿದೆ. ಹಳ್ಳಿಯ ಅಜ್ಜನಿಗೆ ಹಾಗೆ ಕೇಳಿದರೆ "ಭಾಳ ಐತ್ರಿ" ಅಂತಾರೆ, ಮುಗೀತು. ನಾನು ಆಣೆಯಲ್ಲಿ ಕೇಳುತ್ತೇನೆ. "ಅಜ್ಜಾರ, ಹದಿನಾರಾಣೆದಾಗ ಎಷ್ಟಾಣೆ ನೋವೈತ್ರಿ?" ಥಟ್ಟನೆ ಉತ್ತರ ಬರುತ್ತದೆ: "ಹನ್ನೆರಡಾಣೆ ಐತ್ರಿ." ಸೂಜಿ ಮಾಡಿ ಅರ್ಧ ಗಂಟೆಯ ಮೇಲೆ "ಈಗ ನಾಕಾಣೆ." ಚಾರ್ಟಿನಲ್ಲಿ ಬರೆಯುವಾಗ ಹತ್ತರ ಲೆಕ್ಕಕ್ಕೆ ತಂದುಕೊಳ್ಳಿ. ಆಣೆ ಚಲಾವಣೆ ನಿಂತು ಅರವತ್ತು ವರ್ಷ ದಾಟಿದರೂ ನೋವಿಗೆ ಇನ್ನೂ ಅದೇ ನಾಣ್ಯ.

ಅಲರ್ಜಿ ಐತೇನ್ರಿ ಅಂದರೆ ಎಲ್ಲರೂ ಇಲ್ಲ ಅಂತಾರೆ. ಆ ಶಬ್ದವೇ ಅವರದ್ದಲ್ಲ. "ಯಾವುದಾದರೂ ಗುಳಿಗಿ ನುಂಗಿದಾಗ, ಸೂಜಿ ಮಾಡಿಸಿಕೊಂಡಾಗ ಮೈಮೇಲೆ ಗಂಧೆ ಎದ್ದಿತ್ತಾ, ಮುಖ ಬಾತಿತ್ತಾ, ಉಸಿರು ಹಿಡಿದಿತ್ತಾ?" ಅಂತ ಬಿಡಿಸಿ ಕೇಳಿ. ಬದನೆಕಾಯಿ ನಂಜು ಅಂತ ಹೇಳುತ್ತಾರೆ, ಅದನ್ನೂ ಕೇಳಿಸಿಕೊಳ್ಳಿ. ಆದರೆ ಔಷಧದ ಅಲರ್ಜಿಯ ಜೊತೆ ಬೆರೆಸಬೇಡಿ. ಗುಳಿಗೆಯ ಹೆಸರು ಗೊತ್ತಿಲ್ಲದಿದ್ದರೂ ಏನಾಯಿತು ಅಂತ ಬರೆದು ಡಾಕ್ಟರಿಗೆ ತಿಳಿಸಿ, ಫೈಲಿನ ಮೇಲೆ ಕೆಂಪಕ್ಷರದಲ್ಲಿ ಹಾಕಿ.

ಈಗ ಎರಡನೇ ಸಲದ ಪ್ರಶ್ನೆಗಳು. "ಕುಡೀತೀರಾ?" ಅಂತ ಹೆಂಡತಿ, ಮಗಳ ಎದುರು ಕೇಳಿದರೆ ಇಲ್ಲ ಅಂತಲೇ ಉತ್ತರ. ಅವರನ್ನು ಚಹಾಕ್ಕೆ ಕಳಿಸಿ. "ಕಡೇಕ ಯಾವಾಗ ತಗೊಂಡಿದ್ರಿ?" ಅಂತ ತಪ್ಪು ಹಿಡಿಯುವ ದನಿ ಇಲ್ಲದೆ ಕೇಳಿ. ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ ಮೊದಲ ಒಂದು ದಿನದೊಳಗೆ ಕೈ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡು ಮೂರು ದಿನಕ್ಕೆ ಗೋಡೆ ಮೇಲೆ ಹುಳ ಕಾಣುವ ಸನ್ನಿ ಬರಬಹುದು. ಕಾಲು ಮುರಿದು ಬಂದ ಸಂಭಾವಿತರು ಮೂರನೇ ರಾತ್ರಿ ಸಲೈನ್ ಕಿತ್ತೆಸೆದು ಓಡುವುದು ಹೀಗೇ. ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧ ಇದೆ.

ಹೆಂಗಸರನ್ನು ಮುಟ್ಟಿನ ಬಗ್ಗೆ, ಬಸುರಿನ ಬಗ್ಗೆ ಒಬ್ಬರೇ ಇದ್ದಾಗ ಕೇಳಿ. ಎಕ್ಸ್‌ರೇಗೂ ಕೆಲವು ಔಷಧಗಳಿಗೂ ಮುಂಚೆ ಇದು ಬೇಕೇ ಬೇಕು. ಮೈಮೇಲೆ ಹೊಡೆತದ ಗುರುತು ಕಂಡರೆ ಗಂಡ, ಅತ್ತೆ ಹೊರಗಿದ್ದಾಗಲೇ ಕೇಳಬೇಕು. ಅತ್ತೆ "ಜಾರಿ ಬಿದ್ದಾಳ್ರಿ" ಅಂದದ್ದನ್ನು "ಅತ್ತೆಯ ಹೇಳಿಕೆ" ಅಂತ ಬರೆಯಿರಿ, ನಿಮ್ಮ ತೀರ್ಮಾನದಂತೆ ಬರೆಯಬೇಡಿ.

ಸಂಚಿಯೊಳಗಿನ ಗುಳಿಗೆ

ನನ್ನ ಕಥೆ ಇದೇ. ಕೆಲಸಕ್ಕೆ ಸೇರಿ ಎರಡನೇ ವರ್ಷ. ನವಲಗುಂದ ಕಡೆಯ ಒಬ್ಬ ಅಜ್ಜಿ, ಕಾಲಿನ ಗಾಯ ಕೀವಾಗಿ ಬಂದಿದ್ದರು, ಸಕ್ಕರೆ ಜಾಸ್ತಿ ಇತ್ತು. "ಮನಿ ಗುಳಿಗಿ ತಂದೀರೇನ್ರಿ?" ಅಂತ ಕೇಳಿದೆ. ಮಗ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಇಸಿದುಕೊಂಡು ಬರೆದುಕೊಂಡೆ. ಡಾಕ್ಟರ್ ಗುಳಿಗೆ ನಿಲ್ಲಿಸಿ ಇನ್ಸುಲಿನ್ ಬರೆದರು. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಕೊಟ್ಟದ್ದಾಯಿತು. ನಸುಕಿನ ಮೂರಕ್ಕೆ ಅಜ್ಜಿ ಬೆವರಿನಲ್ಲಿ ತೊಯ್ದು, ಕರೆದರೆ ಓಗೊಡದೆ ಮಲಗಿದ್ದರು. ಸಕ್ಕರೆ 41. ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಎಚ್ಚರಾದರು, ದೇವರು ದೊಡ್ಡವನು. ಆಮೇಲೆ ಗೊತ್ತಾಯಿತು: ಸೊಂಟದ ಎಲೆ-ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಅವರ ಸಕ್ಕರೆ ಗುಳಿಗೆಯ ಇನ್ನೊಂದು ಪಟ್ಟಿ ಇತ್ತು. ದಿನಾ ರಾತ್ರಿ ನುಂಗುವಂತೆ ಅವತ್ತೂ ನುಂಗಿದ್ದರು. "ನೀವು ಮಗನ್ನ ಕೇಳಿದ್ರಿ, ನನ್ನೆಲ್ಲಿ ಕೇಳಿದ್ರಿ?" ಅಂದರು. ತಪ್ಪು ನನ್ನದೇ.

ಅಂದಿನಿಂದ ನಾನು ಮಾಡುವುದು ಹೀಗೆ. ಚೀಲದ ಗುಳಿಗೆಗಳನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದೇ ಹಿಡಿದು "ಇದನ್ನ ಯಾವಾಗ ತಗೋತೀರಿ, ಕಡೇಕ ಯಾವಾಗ ತಗೊಂಡ್ರಿ" ಅಂತ ಪೇಷಂಟನ್ನೇ ಕೇಳುತ್ತೇನೆ. ಬೆಳಗಿನದ್ದು ತಗೊಂಡಿದ್ದಾರೋ ಇಲ್ಲವೋ ಅನ್ನುವುದು ಮುಖ್ಯ. ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಗೊತ್ತಾಗಲೇಬೇಕು. ದಮ್ಮಿಗೆ, ಮೊಣಕಾಲಿಗೆ ಅಂತ ಹಳ್ಳಿಯಲ್ಲಿ ಕೊಡುವ ಸಣ್ಣ ಬಿಳಿ ಗುಳಿಗೆ, ಪುಡಿಗಳಲ್ಲಿ ಸ್ಟೀರಾಯ್ಡ್ ಇರಬಹುದು, ಅದನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ. ನಾಟಿ ಔಷಧ ಕೇಳಿದರೆ ನಗಬೇಡಿ, ನಕ್ಕರೆ ಮುಂದಿನದನ್ನು ಹೇಳುವುದಿಲ್ಲ. ಕೊನೆಗೆ ಸಂಚಿ, ದಿಂಬಿನ ಕೆಳಗೆ, ಪಂಚೆಯ ಗಂಟು. "ಇಲ್ಲಿ ಇರೋತನಕ ನಾವು ಕೊಟ್ಟ ಗುಳಿಗಿ ಅಷ್ಟೇ ನುಂಗಬೇಕ್ರಿ" ಅಂತ ಪೇಷಂಟಿಗೂ ಮನೆಯವರಿಗೂ ಹೇಳಿ.

ಸಂಚಿ ನೋಡುವಾಗಲೇ ಬಾಯಿಯನ್ನೂ ನೋಡಿಬಿಡಿ. ಕೆನ್ನೆಯಲ್ಲಿ ತಂಬಾಕು, ಗುಟ್ಕಾ ಇದ್ದರೆ ಉಗುಳಿಸಿ. ಕಟ್ಟಿಸಿದ ಹಲ್ಲು ಇದ್ದರೆ ಬರೆದುಕೊಳ್ಳಿ.

ಮೈ ನೋಡುವುದು

ಪರದೆ ಎಳೆದು, ಪೇಷಂಟನ್ನು ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನು, ಸೊಂಟದ ಕೆಳಗೆ, ಹಿಮ್ಮಡಿ ನೋಡಿ. ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಬಂದವರಿಗೆ ಅಲ್ಲಿ ಹುಣ್ಣು ಇರುತ್ತದೆ. ಬಂದ ದಿನವೇ ಅಳತೆ ಸಮೇತ ಬರೆಯದಿದ್ದರೆ ನಾಲ್ಕು ದಿನದ ಮೇಲೆ ಅದು ನಮ್ಮ ವಾರ್ಡಿನ ಹುಣ್ಣು ಆಗುತ್ತದೆ. ಕೆಂಪಗಾಗಿ, ಒತ್ತಿದರೂ ಬಿಳಿಯಾಗದ ಚರ್ಮ ಮೊದಲ ಹಂತ, ಅದನ್ನು ಉಜ್ಜಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಆಗಲೇ ಶುರು ಮಾಡಿ. ಸಕ್ಕರೆ ಕಾಯಿಲೆಯವರ ಅಂಗಾಲು, ಬೆರಳ ಸಂದಿ ನೋಡಿ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ಮುಳ್ಳು ನೆಟ್ಟದ್ದೂ ಗೊತ್ತಿರುವುದಿಲ್ಲ.

ಬಂಗಾರ, ಬಳೆ, ಲಿಂಗ

ಒಡವೆ ಮನೆಯವರಿಗೆ ಕೊಡಿ, ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ, ಒಬ್ಬ ಸಾಕ್ಷಿ ಇರಲಿ. ಪಟ್ಟಿಯಲ್ಲಿ "ಬಂಗಾರದ ಸರ" ಅಂತ ಬರೆಯಬೇಡಿ. "ಹಳದಿ ಬಣ್ಣದ ಲೋಹದ ಸರ, ಒಂದು" ಅಂತ ಬರೆಯಿರಿ. ನಾವು ಅಕ್ಕಸಾಲಿಗರಲ್ಲ. ಅದು ಬಂಗಾರವೋ ರೋಲ್ಡ್‌ಗೋಲ್ಡೋ ನಮಗೆ ಗೊತ್ತಾಗುವುದಿಲ್ಲ, ನಾಳೆ ಜಗಳ ಆದರೆ ಆ ಒಂದು ಶಬ್ದ ನಿಮ್ಮನ್ನು ಉಳಿಸುತ್ತದೆ.

ಕೊರಳಲ್ಲಿ ಇಷ್ಟಲಿಂಗ ಇದ್ದವರು ನಮ್ಮ ಕಡೆ ಬಹಳ. "ಅದನ್ನ ತೆಗೀರಿ" ಅಂತ ಕೈ ಹಾಕಬೇಡಿ. ಉಸಿರು ಇರುವತನಕ ಮೈಯಿಂದ ಬೇರೆ ಮಾಡಬಾರದು ಅನ್ನುವ ನಂಬಿಕೆ ಅವರದು. ಎದೆಯ ಎಕ್ಸ್‌ರೇಯಲ್ಲಿ ಬೆಳ್ಳಿ ಕರಡಿಗೆಯ ನೆರಳು ಬೀಳುತ್ತದೆ, ಆ ಹೊತ್ತಿಗೆ ತೋಳಿಗೆ ಕಟ್ಟಿಕೊಳ್ಳುತ್ತೀರಾ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಎಂ.ಆರ್.ಐ. ಆದರೆ ಲೋಹ ಒಳಗೆ ಹೋಗುವಂತೆಯೇ ಇಲ್ಲ. ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಳ್ಳಬಹುದಾ, ಮನೆಯವರ ಕೈಗೆ ಕೊಡುತ್ತೀರಾ ಅಂತ ಹಿಂದಿನ ದಿನವೇ ಮಾತಾಡಿ, ಸ್ಕ್ಯಾನಿಂಗ್ ಬಾಗಿಲಲ್ಲಿ ಅಲ್ಲ. ತಾಯತ, ದರ್ಗಾದ ದಾರಕ್ಕೂ ಇದೇ ಮರ್ಯಾದೆ. ಗಾಜಿನ ಬಳೆ ತೆಗೆಯಬೇಕಾದರೆ "ಒಡೀರಿ" ಅನ್ನಬೇಡಿ. ಮುತ್ತೈದೆಗೆ ಆ ಮಾತು ಎಲ್ಲಿ ನಾಟುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಸೋಪು ಹಚ್ಚಿ ಜಾರಿಸಿ.

ಮನೆಯವರಿಗೆ ಹೇಳಬೇಕಾದದ್ದು

ನೀರು ಎಲ್ಲಿ, ಸಂಡಾಸ್ ಎಲ್ಲಿ, ಡಾಕ್ಟರ್ ರೌಂಡ್ಸ್ ಎಷ್ಟು ಹೊತ್ತಿಗೆ, ಸಿಸ್ಟರನ್ನು ಕರೆಯುವುದು ಹೇಗೆ, ರಾತ್ರಿ ಎಷ್ಟು ಜನ ಇರಬಹುದು. ಇದನ್ನು ಜೋರಾಗಿ ಒಮ್ಮೆ ಹೇಳಿದರೆ ಇಪ್ಪತ್ತು ಸಲ ಹೇಳುವುದು ತಪ್ಪುತ್ತದೆ. ಬುತ್ತಿ ಗಂಟು ಬಿಚ್ಚುವ ಮುಂಚೆ ಸಿಸ್ಟರನ್ನು ಕೇಳಬೇಕು ಅಂತ ಹೇಳಿ. ಆಪರೇಷನ್ ಇದೆ, ಬಾಯಿಗೆ ಏನೂ ಬೇಡ ಅಂದರೆ "ಚಹಾನೂ ಬ್ಯಾಡ, ನೀರೂ ಬ್ಯಾಡ, ಎಲಿ-ಅಡಿಕಿನೂ ಬ್ಯಾಡ" ಅಂತ ಬಿಡಿಸಿಯೇ ಹೇಳಬೇಕು. ಊಟ ಬೇಡ ಅಂದರೆ ಚಹಾ ಅದರಲ್ಲಿ ಸೇರುವುದಿಲ್ಲ, ನಮ್ಮ ಜನರ ಲೆಕ್ಕ ಹಾಗೆ.

ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ವಿಷಯ ಮೊದಲ ದಿನವೇ ಹೇಳಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಯೋಜನೆಯ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಊರಲ್ಲೇ ಬಿಟ್ಟು ಬಂದಿರುತ್ತಾರೆ, ನಾಳೆ ಬೆಳಗಿನ ಬಸ್ಸಿಗೆ ತರಿಸಲಿ. ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಕೂರುವ ಜಾಗ ಕೈ ಮಾಡಿ ತೋರಿಸಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಅವರ ಮಾತಿನಲ್ಲೇ ಓದಿ ಹೇಳಿ. ಹೆಬ್ಬೆಟ್ಟು ಆದರೆ ಸಾಕ್ಷಿ ಸಹಿ ಬೇಕು. ಆಪರೇಷನ್ನಿನ ಬಗ್ಗೆ ವಿವರಿಸುವುದು ಡಾಕ್ಟರ ಕೆಲಸ, ಅದನ್ನು ನಮ್ಮ ತಲೆಗೆ ಹಾಕಿಕೊಳ್ಳಬಾರದು. ಫೋನ್ ನಂಬರ್ ಎರಡು ಬರೆದುಕೊಳ್ಳಿ, ಒಂದು ವಾರ್ಡಿನಲ್ಲಿರುವವರದ್ದು, ಇನ್ನೊಂದು ಊರಿನವರದ್ದು. ರಾತ್ರಿ ಎರಡಕ್ಕೆ ರಕ್ತ ಬೇಕಾದಾಗ ಮೊದಲನೆಯದು ಸ್ವಿಚ್ ಆಫ್ ಆಗಿರುತ್ತದೆ.

ಬರೆಯುವುದು, ಒಪ್ಪಿಸುವುದು

ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ ಬರೆಯಿರಿ. "ಪೇಷಂಟ್ ಆರಾಮ ಇದ್ದಾರೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಂಡದ್ದನ್ನು ಬರೆಯಿರಿ: ಎಚ್ಚರ ಇದ್ದಾರೆ, ಪೂರ್ತಿ ಮಾತಾಡುತ್ತಾರೆ, ಉಸಿರು 22, ಬಲಗಾಲಿಗೆ ಬಾವು, 300 ಮಿ.ಲೀ. ಮೂತ್ರ. ತಪ್ಪಾದರೆ ಒಂದು ಗೆರೆ ಎಳೆದು ಸಹಿ ಮಾಡಿ. ತಿದ್ದಿ ತೀಡಬೇಡಿ, ವೈಟ್ನರ್ ಹಚ್ಚಬೇಡಿ.

ಶಿಫ್ಟ್ ಬದಲಾಗುವಾಗ ಹೊಸ ಅಡ್ಮಿಷನ್ ಬಗ್ಗೆ ಟೇಬಲ್ ಹತ್ತಿರ ನಿಂತು ಹೇಳಬೇಡಿ. ಮುಂದಿನ ಸಿಸ್ಟರನ್ನು ಹಾಸಿಗೆಯ ಬಳಿ ಕರೆದುಕೊಂಡು ಹೋಗಿ. ಯಾರು, ಯಾಕೆ ಬಂದರು, ಹಳೆಯ ಕಾಯಿಲೆ ಏನು, ಈಗ ಹೇಗಿದ್ದಾರೆ, ಇನ್ನೇನು ಬಾಕಿ ಇದೆ. "ಸಕ್ಕರೆ ಮತ್ತೆ 18.00ಕ್ಕೆ ನೋಡಬೇಕು, ಇ.ಸಿ.ಜಿ. ಡಾಕ್ಟರಿಗೆ ತೋರಿಸಿಲ್ಲ, ಗಂಡ ರೇಷನ್ ಕಾರ್ಡ್ ತರಲು ಹೋಗಿದ್ದಾನೆ" ಅಂತ ಬಾಕಿ ಇರುವುದನ್ನು ಬಿಡಿಬಿಡಿಯಾಗಿ ಹೇಳಿ. ಎಮ್.ಎಲ್.ಸಿ. ಆಗಿದ್ದರೆ ಪೊಲೀಸರಿಗೆ ತಿಳಿಸಿದ್ದು ಆಯಿತಾ, ಬಟ್ಟೆಯ ಚೀಲ ಎಲ್ಲಿದೆ ಅನ್ನುವುದನ್ನೂ ಸೇರಿಸಿ.

ಸಂಜೆ ಶಿಫ್ಟಿನವರು ನೀವಾಗಿದ್ದರೆ, ಊಟದ ಗದ್ದಲ ಇಳಿದ ಮೇಲೆ, ಏಳೂವರೆ ಎಂಟರ ಹೊತ್ತಿಗೆ, ಹೊಸ ಪೇಷಂಟ್ ಹತ್ತಿರ ಇನ್ನೊಮ್ಮೆ ಹೋಗಿ. ಕೈಯಲ್ಲಿ ಪೆನ್ನು, ಫೈಲ್ ಬೇಡ. ಮಗ ಬಸ್ ಸ್ಟ್ಯಾಂಡಿಗೋ, ಸಿದ್ಧಾರೂಢ ಮಠದ ಪ್ರಸಾದಕ್ಕೋ ಹೋಗಿರುತ್ತಾನೆ. ಸ್ಟೂಲ್ ಎಳೆದು ಕೂತು "ಊಟ ಆತೇನ್ರಿ?" ಅಂತ ಕೇಳಿ. ಮೊದಲು ಊರಿನ ಮಳೆ ಬರುತ್ತದೆ, ಆಮೇಲೆ ಸೊಸೆಯ ಮಾತು, ಆಮೇಲೆ ಮೆಲ್ಲಗೆ "ಸಿಸ್ಟರ್, ಒಂದ್ ಹೇಳಿರಲಿಲ್ರಿ..." ಅಂತ ಶುರುವಾಗುತ್ತದೆ. ಮೂರು ತಿಂಗಳಿಂದ ಹೊರಕಡಿಯಲ್ಲಿ ರಕ್ತ ಹೋಗುತ್ತಿರುವುದು, ಎದೆಯಲ್ಲಿ ಗಂಟು ಇರುವುದು, ಸಕ್ಕರೆ ಗುಳಿಗೆಗೆ ದುಡ್ಡಿಲ್ಲದೆ ಬಿಟ್ಟು ನಾಲ್ಕು ತಿಂಗಳಾದದ್ದು. ಎದ್ದು ಬಂದು ಫೈಲ್ ತೆರೆಯಿರಿ. ಮಧ್ಯಾಹ್ನ ಬರೆದದ್ದನ್ನು ತಿದ್ದಬೇಡಿ. ಅದರ ಕೆಳಗೆ ಹೊಸ ಸಾಲಿನಲ್ಲಿ "19.50: ಪೇಷಂಟ್ ಈಗ ಹೇಳಿದ್ದು" ಅಂತ ಬರೆದು ಸಹಿ ಮಾಡಿ, ಡ್ಯೂಟಿ ಡಾಕ್ಟರಿಗೆ ಫೋನ್ ಹಚ್ಚಿ.